ಮುರ ಮಣ್ಣಿನ ಹಿತ್ತಿಲು: ಗೊಬ್ಬರ ಹಾಕಿದರೂ ಬೆಂಡೆ ಏಳುತ್ತಿಲ್ಲ

ನೀರ್ಚಾಲಿನಿಂದ:
ನಮಸ್ಕಾರ. ನಮ್ಮದು ಗುಡ್ಡೆ ತಟ್ಟು ಮಾಡಿ ಕಟ್ಟಿದ ಮನೆ. ಹಿತ್ತಿಲಲ್ಲಿ 3 ಸೆಂಟು ಜಾಗ, ಪೂರಾ ಮುರ ಮಣ್ಣು, ಅಂದರೆ ಕೆಂಪು ಜಂಬಿಟ್ಟಿಗೆ ಮಣ್ಣು. ಹಟ್ಟಿ ಗೊಬ್ಬರ, ತರಗೆಲೆ ತಪ್ಪದೆ ಹಾಕುತ್ತೇವೆ. ಬಸಳೆ ಪರವಾಗಿಲ್ಲ. ಬೆಂಡೆ ಗಿಡದ ಅಡಿಯ ಎಲೆಗಳು ಮಾತ್ರ ಹಳದಿಯಾಗುತ್ತವೆ, ನರ ಹಸಿರಾಗಿಯೇ ಇರುತ್ತದೆ. ಗೊಬ್ಬರ ಇನ್ನೂ ಜಾಸ್ತಿ ಮಾಡಬೇಕಾ?

ಪೆರ್ಲದಿಂದ:
ಗೊಬ್ಬರ ಈಗಿನಷ್ಟೇ ಇರಲಿ ಅಕ್ಕ, ಮೊದಲು ಮಣ್ಣಿನ ಹುಳಿ (ಆಮ್ಲ ಗುಣ) ಇಳಿಸಿ. ನಮ್ಮ ಕಾಸರಗೋಡಿನ ಕಡೆ ವರ್ಷಕ್ಕೆ 3000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಅಷ್ಟು ನೀರು ಇಳಿಯುವಾಗ ಸುಣ್ಣ, ಮೆಗ್ನೀಷಿಯಂ, ಪೊಟ್ಯಾಷ್ ಎಲ್ಲ ತೊಳೆದುಹೋಗಿ ಮಣ್ಣು ಹುಳಿಯಾಗುತ್ತದೆ. ಉಳಿಯುವುದು ಕಬ್ಬಿಣ, ಅಲ್ಯೂಮಿನಿಯಂ. ಅವು ರಂಜಕವನ್ನು (ಫಾಸ್ಫರಸ್) ಹಿಡಿದಿಟ್ಟುಕೊಂಡು ಗಿಡಕ್ಕೆ ಬಿಡುವುದಿಲ್ಲ.

ನೀವು ಹೇಳಿದ ಗುರುತು ಮೆಗ್ನೀಷಿಯಂ ಕೊರತೆಯದ್ದೇ ಇರಬೇಕು. ನರವೇ ಹಳದಿಯಾದರೆ ಅದು ಬೇರೆ, ಬಿಳಿ ನೊಣ ಹರಡುವ ವೈರಸ್ ರೋಗ. ನಿಮಗೆ ಬರೀ ಸುಣ್ಣಕ್ಕಿಂತ ಡೋಲೊಮೈಟ್ ಕಲ್ಲಿನ ಪುಡಿ ಒಳ್ಳೆಯದು, ಅದು ಹುಳಿ ಇಳಿಸುತ್ತದೆ, ಅದರಲ್ಲಿ ಮೆಗ್ನೀಷಿಯಂ ಕೂಡ ಇದೆ. ಸೆಂಟಿಗೆ 2 ಕಿಲೋದಷ್ಟು ಎರಚಿ, ಮಣ್ಣು ಹಸಿ ಇರುವಾಗಲೇ ಕೊಚ್ಚಿ ಬೆರೆಸಿ. ಗೊಬ್ಬರ ಎರಡು ವಾರ ಬಿಟ್ಟು ಹಾಕಿ. ಹಸಿ ಗೊಬ್ಬರಕ್ಕೆ ಸುಣ್ಣ ಸೇರಿದರೆ ಮೂಗಿಗೆ ಘಾಟು ಬಡಿಯುತ್ತದಲ್ವಾ? ಸಾರಜನಕ ಗಾಳಿಗೆ ಹೋಗುವ ವಾಸನೆ ಅದು. ಹಟ್ಟಿ ಬಾಚಿ ಹೊತ್ತು ತಂದ ಗೊಬ್ಬರ ಹೀಗೆ ಹಾಳಾದರೆ ನನಗೆ ಹೊಟ್ಟೆ ಉರಿಯುತ್ತದೆ.

ಮಳೆಗಾಲದಲ್ಲಿ ಮಣ್ಣು ಬರಿದಾಗಿ ಬಿಡಬೇಡಿ. ಅಡಿಕೆ ಸೋಗೆ, ಸೊಪ್ಪು, ಸಿಕ್ಕಿದ್ದು ಹೊದಿಸಿ.

ಮುಳ್ಳೇರಿಯದಿಂದ:
ಡೋಲೊಮೈಟ್ ತರುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ನಾಲ್ಕೈದು ಕಡೆ ಒಂದು ಗೇಣು ಆಳಕ್ಕೆ ಗುಂಡಿ ತೆಗೆದು, ಬದಿಯಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪಕ್ಕೆ ಕೆರೆದುಕೊಳ್ಳಿ. ಎಲ್ಲ ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ಕೃಷಿ ಭವನಕ್ಕೆ (ಊರಿನ ಸರಕಾರಿ ಕೃಷಿ ಕಚೇರಿ) ಕೊಡಿ. ಗೊಬ್ಬರ ಹಾಕಿದ ಬೆನ್ನಿಗೇ ತೆಗೆಯಬೇಡಿ, ಲೆಕ್ಕ ತಪ್ಪುತ್ತದೆ.

ತೆಂಗಿನ ಗರಿ ಇದ್ದರೆ ಸುಡಬೇಡಿ. ಎರೆಹುಳ ಬಿಟ್ಟು ಅದರಿಂದ ಗೊಬ್ಬರ ಮಾಡುವ ಕ್ರಮವನ್ನು ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ರೂಪಿಸಿದೆ.

ನೀರ್ಚಾಲಿನಿಂದ:
ತುಂಬಾ ಉಪಕಾರ ಆಯ್ತು. ಒಲೆ ಬೂದಿ ಎರಡು ಗೋಣಿ ಇದೆ, ರಂಜಕದ ಕಲ್ಲುಪುಡಿ ಗೊಬ್ಬರ ರಾಕ್ ಫಾಸ್ಫೇಟೂ ಇದೆ. ಎಲ್ಲ ಒಟ್ಟಿಗೆ ಹಾಕಬಹುದಾ ಅಣ್ಣ?

ಪೆರ್ಲದಿಂದ:
ಒಟ್ಟಿಗೆ ಬೇಡ ಅಕ್ಕ. ರಾಕ್ ಫಾಸ್ಫೇಟ್ ಕರಗಲು ಹುಳಿ ಬೇಕು, ಡೋಲೊಮೈಟ್ ಜೊತೆ ಸೇರಿದರೆ ಸುಮ್ನೆ ಬಿದ್ದಿರುತ್ತದೆ. ಅದನ್ನು ಕಂಪೋಸ್ಟ್ ಗುಂಡಿಯ ಪದರಗಳ ನಡುವೆ ಉದುರಿಸಿ. ಬೂದಿ ಪೊಟ್ಯಾಷ್ ಕೊಡುತ್ತದೆ, ಹುಳಿಯನ್ನೂ ಇಳಿಸುತ್ತದೆ. ಅದು ಹಾಕಿದ ಕಡೆ ಡೋಲೊಮೈಟ್ ಸ್ವಲ್ಪ ಕಡಿಮೆ ಮಾಡಿ. ಪ್ಲಾಸ್ಟಿಕ್ ಸುಟ್ಟ ಬೂದಿಯಾದರೆ ಹಿತ್ತಿಲಿಗೆ ತರಲೇಬೇಡಿ.