ಅಪ್ಪನ ಶ್ವಾಸಕೋಶಕ್ಕೆ ಸಿ.ಟಿ. ನೋಡಿಕೊಂಡು ಬಯಾಪ್ಸಿ: ಏನೇನು ಆಗುತ್ತೆ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮಪ್ಪನಿಗೆ 64 ವರ್ಷ. ಮೂರು ತಿಂಗಳಿಂದ ಕೆಮ್ಮು. ಸಿ.ಟಿ.ಯಲ್ಲಿ ಬಲ ಶ್ವಾಸಕೋಶದಲ್ಲಿ 3 ಸೆಂ.ಮೀ. ಗಂಟು ಕಂಡಿದೆ. ಸೂಜಿಯಿಂದ ಗಂಟಿನ ತುಂಡು ತೆಗೆದು ಪರೀಕ್ಷೆ, ಅಂದರೆ ಬಯಾಪ್ಸಿ, ಮಾಡಿಸಿ ಅಂದಿದ್ದಾರೆ. ಸೂಜಿ ತಾಗಿದರೆ ಕ್ಯಾನ್ಸರ್ ಹರಡುತ್ತೆ, ಬೇಡವೇ ಬೇಡ ಅಂತ ದೊಡ್ಡಪ್ಪ ಹಠ ಹಿಡಿದಿದ್ದಾರೆ. ಅಪ್ಪನಿಗೆ ಹೃದಯಕ್ಕೆ ಸ್ಟೆಂಟ್ ಹಾಕಿದೆ, ರಕ್ತ ಹೆಪ್ಪುಗಟ್ಟದಿರಲಿ ಅಂತ ಕ್ಲೋಪಿಡೋಗ್ರೆಲ್ ಮಾತ್ರೆ ತಗೋತಾರೆ. ತುಂಬಾ ನೋವಾಗುತ್ತಾ?

ಉತ್ತರ (ರೇಡಿಯಾಲಜಿ ವೈದ್ಯೆ): ದೊಡ್ಡಪ್ಪನವರ ಮಾತಿನಿಂದಲೇ ಶುರು ಮಾಡುತ್ತೇನೆ. ಈ ಭಯದಿಂದ ತಿಂಗಳುಗಟ್ಟಲೆ ತಡ ಮಾಡಿ ಬರುವವರನ್ನು ನೋಡಿದಾಗ ಸಂಕಟವಾಗುತ್ತದೆ. ಸೂಜಿ ಹೋದ ದಾರಿಯಲ್ಲಿ ಕ್ಯಾನ್ಸರ್ ಬೆಳೆಯುವುದು ತೀರಾ ಅಪರೂಪ. ಆದರೆ ತುಂಡು ಪರೀಕ್ಷೆ ಆಗದೆ ಯಾವ ಔಷಧಿ ಕೊಡಬೇಕು ಅನ್ನುವುದೇ ತಿಳಿಯುವುದಿಲ್ಲ. ಅಷ್ಟೇ ಅಲ್ಲ, ಅದು ಕ್ಯಾನ್ಸರ್ ಅಂತ ಇನ್ನೂ ಯಾರೂ ಹೇಳಿಲ್ಲ ಅಲ್ವಾ? ನಮ್ಮಲ್ಲಿ ಟಿ.ಬಿ. ಗಂಟು ಸ್ಕ್ಯಾನಿನಲ್ಲಿ ಥೇಟ್ ಹೀಗೇ ಕಾಣಬಹುದು.

ಕ್ಲೋಪಿಡೋಗ್ರೆಲ್ಲನ್ನು ಸಾಮಾನ್ಯವಾಗಿ 5 ದಿನ ಮುಂಚೆ ನಿಲ್ಲಿಸುತ್ತೇವೆ. ಆದರೆ ನೀವಾಗಿಯೇ ನಿಲ್ಲಿಸಬೇಡಿ. ಸ್ಟೆಂಟ್ ಇರುವುದರಿಂದ ಹೃದಯದ ಡಾಕ್ಟರ್ ಒಪ್ಪಲೇಬೇಕು. ರಕ್ತ ಹೆಪ್ಪುಗಟ್ಟುವ ಪರೀಕ್ಷೆ, ಪ್ಲೇಟ್‌ಲೆಟ್ ಎಣಿಕೆ ಎರಡೂ ಮೊದಲೇ ಆಗಿರಬೇಕು.

ಅವತ್ತು ಅಪ್ಪನನ್ನು ಸಿ.ಟಿ. ಮೇಜಿನ ಮೇಲೆ ಮಲಗಿಸುತ್ತಾರೆ. ಗಂಟು ಬೆನ್ನಿನ ಕಡೆ ಇದ್ದರೆ ಬೋರಲು. ಪೂರ್ತಿ ಅರಿವಳಿಕೆ ಸಾಮಾನ್ಯವಾಗಿ ಬೇಕಾಗುವುದಿಲ್ಲ, ಚರ್ಮಕ್ಕೆ ಮರಗಟ್ಟುವ ಇಂಜೆಕ್ಷನ್ ಸಾಕು. ಅದು ಚುರ್ ಅನ್ನುತ್ತದೆ. ಶ್ವಾಸಕೋಶದ ಹೊರಪೊರೆ ದಾಟುವಾಗ ಒಂದು ಕ್ಷಣ ಚುಚ್ಚಿದ ಹಾಗಾಗಬಹುದು, ಒಳಗೆ ನೋವು ಗೊತ್ತಾಗುವುದಿಲ್ಲ. ಸೂಜಿಯನ್ನು ಸ್ವಲ್ಪ ಮುಂದೆ ಹಾಕಿ, ಸ್ಕ್ಯಾನ್ ಮಾಡಿ, ಎಲ್ಲಿದೆ ಅಂತ ನೋಡಿ ಮತ್ತೆ ಮುಂದೆ ಹೋಗುತ್ತೇವೆ. ಹೊರಗಿನ ಸೂಜಿ ಅಲ್ಲೇ ಇರುತ್ತದೆ, ಅದರೊಳಗಿಂದಲೇ ಮೂರ್ನಾಲ್ಕು ತುಂಡು ತೆಗೆಯಬಹುದು. ಪ್ರತಿ ಸಲ ಟಕ್ ಅಂತ ಸದ್ದು ಬರುತ್ತದೆ, ಬೆಚ್ಚಿಬೀಳಬಾರದು ಅಂತ ಅಪ್ಪನಿಗೆ ಮೊದಲೇ ಹೇಳಿಡಿ. ಬರುವ ತುಂಡು ಶ್ಯಾವಿಗೆ ಎಳೆಯ ಹಾಗೆ ತೆಳ್ಳಗೆ, ಒಂದೆರಡು ಸೆಂ.ಮೀ. ಉದ್ದ ಅಷ್ಟೇ.

ಇದರಲ್ಲಿ ಕಷ್ಟದ ಕೆಲಸ ಅಂದರೆ ಉಸಿರು. ಉಸಿರಾಡಿದ ಹಾಗೆ ಗಂಟೂ ಮೇಲೆ ಕೆಳಗೆ ಓಡಾಡುತ್ತದೆ. ಹಿಡಿಯಿರಿ ಅಂದಾಗ ಪ್ರತಿ ಸಲವೂ ಅಷ್ಟೇ ಉಸಿರು ಹಿಡಿಯಬೇಕು. ಮನೆಯಲ್ಲಿ ದಿನಾ ಅಭ್ಯಾಸ ಮಾಡಿಸಿ. ಕೆಮ್ಮಿಗೆ ಮುಂಚೆಯೇ ಔಷಧಿ ಕೇಳಿ.

ಇನ್ನೊಬ್ಬರ ಪ್ರಶ್ನೆ: ಮೇಡಂ, ನಮ್ಮತ್ತೆಗೆ ಬಯಾಪ್ಸಿ ಆದಮೇಲೆ ಗಾಳಿ ತುಂಬಿಕೊಂಡಿತ್ತು. ಅದು ಡಾಕ್ಟರ ತಪ್ಪಾ?

ಉತ್ತರ: ಅಲ್ಲ. ಶ್ವಾಸಕೋಶದ ಸುತ್ತ ಗಾಳಿ ಸೇರುವುದು ಈ ಬಯಾಪ್ಸಿಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ತೊಂದರೆ. ಹೆಚ್ಚುಕಮ್ಮಿ ಐದು ಜನರಲ್ಲಿ ಒಬ್ಬರಿಗೆ ಆಗುತ್ತದೆ. ಬಹುತೇಕರಿಗೆ ತಾನಾಗೇ ಹೀರಿಹೋಗುತ್ತದೆ, ಕೆಲವರಿಗೆ ಮಾತ್ರ ಗಾಳಿ ಹೊರಗೆ ತೆಗೆಯಲು ಎದೆಗೆ ಟ್ಯೂಬ್ ಬೇಕಾಗುತ್ತದೆ. ಬೀಡಿ ಸಿಗರೇಟಿನಿಂದ ಶ್ವಾಸಕೋಶ ಹಾಳಾದವರಿಗೆ ಅಪಾಯ ಜಾಸ್ತಿ. ಅದಕ್ಕೇ ಮುಗಿದಮೇಲೆ ಚುಚ್ಚಿದ ಭಾಗ ಕೆಳಗೆ ಬರುವ ಹಾಗೆ ಮಲಗಿಸಿ, ಕೆಲವು ಗಂಟೆ ನೋಡಿ, ಎಕ್ಸ್‌ರೇ ತೆಗೆದೇ ಕಳಿಸುವುದು. ಕಫದಲ್ಲಿ ಸ್ವಲ್ಪ ರಕ್ತ ಬಂದರೂ ಗಾಬರಿ ಬೇಡ.

ಮೊದಲಿನವರು: ಧನ್ಯವಾದ ಡಾಕ್ಟ್ರೇ. ದೊಡ್ಡಪ್ಪನಿಗೆ ಓದಿ ಹೇಳಿದೆ, ಈಗ ಸುಮ್ನಾಗಿದ್ದಾರೆ. ನಾವು ಅಲ್ಲಿ ಏನಾದರೂ ಕೇಳಬೇಕಾ?

ಉತ್ತರ: ಒಂದು ಮಾತು ಮರೆಯದೆ ಕೇಳಿ: "ಟಿ.ಬಿ. ಪರೀಕ್ಷೆಗೂ ತುಂಡು ಕಳಿಸ್ತೀರಾ?" ಫಾರ್ಮಲಿನ್ (ತುಂಡು ಕೆಡದಂತೆ ಇಡುವ ದ್ರವ) ಬಾಟಲಿಗೆ ಹಾಕಿದ ತುಂಡಿನಲ್ಲಿ ಟಿ.ಬಿ. ಕಲ್ಚರ್, ಅಂದರೆ ರೋಗಾಣು ಬೆಳೆಸಿ ನೋಡುವ ಪರೀಕ್ಷೆ, ಮಾಡಲು ಆಗುವುದಿಲ್ಲ. ಅದಕ್ಕೆ ಸಲೈನಿನಲ್ಲಿ ಬೇರೆ ತುಂಡು ಇಡಬೇಕು. ರಿಪೋರ್ಟಿಗೆ ಸುಮಾರು ಒಂದು ವಾರ, ಜೀನ್ ಪರೀಕ್ಷೆ ಬೇಕಾದರೆ ಇನ್ನೂ ಜಾಸ್ತಿ ದಿನ. ಮನೆಗೆ ಬಂದಮೇಲೆ ಏದುಸಿರು, ಎದೆನೋವು, ಅಥವಾ ಕಫದಲ್ಲಿ ರಕ್ತ ಹೆಚ್ಚಾದರೆ ಬೆಳಗಾಗಲಿ ಅಂತ ಕಾಯಬೇಡಿ. ಹತ್ತಿರದ ಎಮರ್ಜೆನ್ಸಿಗೆ ಹೋಗಿ, ಶ್ವಾಸಕೋಶದ ಬಯಾಪ್ಸಿ ಆಗಿದೆ ಅಂತ ಮೊದಲೇ ಹೇಳಿ.