ಅಪ್‌ಡೇಟ್: ಅಮ್ಮನ ಫಿಶ್ ಟೆಸ್ಟ್ (ಕ್ಯಾನ್ಸರ್ ಗಡ್ಡೆದು) ರಿಪೋರ್ಟ್ ಬಂತು

ಹೋದ ತಿಂಗಳು ಕೇಳಿದ್ನಲ್ಲ, ಅಮ್ಮಂಗೆ ಎದೆಲಿ ಸಣ್ಣ ಗಡ್ಡೆ, ಬಯಾಪ್ಸಿಲಿ ಅರ್ಲಿ ಸ್ಟೇಜ್ ಬ್ರೆಸ್ಟ್ ಕ್ಯಾನ್ಸರ್ ಅಂತ ಗೊತ್ತಾದ್ಮೇಲೂ ಯಾಕೆ ಮತ್ತೆ ಟೆಸ್ಟ್ ಬರೀತಿದಾರೆ, ಹರಡಿರಬಹುದು ಅಂತ ಡೌಟಾ ಅಂತ. ಧೈರ್ಯ ಹೇಳಿದ ಅಕ್ಕಂದಿರಿಗೆಲ್ಲ ತುಂಬಾ ಥ್ಯಾಂಕ್ಸ್.

ಡಾಕ್ಟರ್ ಹತ್ರ ಕೂತು ಕೇಳಿದ್ವಿ. ಈಆರ್, ಪಿಆರ್ (ಗಡ್ಡೆ ಹಾರ್ಮೋನಿಗೆ ಸ್ಪಂದಿಸುತ್ತಾ ಅಂತ ತೋರಿಸೋವು) ಎರಡೂ ಪಾಸಿಟಿವ್, ಹರ್-2 (ಕ್ಯಾನ್ಸರ್ ಕಣ ಬೇಗ ಬೆಳೆಯೋ ಹಾಗೆ ಮಾಡೋ ಪ್ರೋಟೀನ್) ಮಾತ್ರ 2+, ಅಂದ್ರೆ ಅತ್ಲಾಗೂ ಇಲ್ಲ ಇತ್ಲಾಗೂ ಇಲ್ಲ, ಅದಕ್ಕೇ ಅದೇ ಬಯಾಪ್ಸಿ ಬ್ಲಾಕ್ (ಆಗ ತೆಗೆದಿಟ್ಟಿದ್ದ ಗಡ್ಡೆ ಚೂರು) ಮೇಲೆ ಫಿಶ್ ಟೆಸ್ಟ್ (ಹರ್-2 ಜೀನ್ ಜಾಸ್ತಿ ಇದೆಯಾ ಅಂತ ನೋಡೋದು) ಬರೆದಿದ್ದಂತೆ, ಪಾಸಿಟಿವ್ ಬಂದಿದ್ರೆ ಟ್ರಾಸ್ಟುಝುಮ್ಯಾಬ್ ಅನ್ನೋ ಹರ್-2 ತಡೆಯೋ ಔಷಧಿ ಕೊಡೋದು ಯೋಚಿಸ್ಬೇಕಿತ್ತು ಅಂದ್ರು. ಅಮ್ಮ ರಿಪೋರ್ಟ್ ಕವರನ್ನ ದೇವರ ಮನೇಲಿಟ್ಟು ಕೈಮುಗಿದ್ಮೇಲೇ ಒಡೆಯಕ್ಕೆ ಬಿಟ್ಟಿದ್ದು, ನಂಗೆ ಕೈ ನಡುಗಿ ಪಿನ್ನೇ ತೆಗೆಯೋಕಾಗ್ಲಿಲ್ಲ. ನೆಗೆಟಿವ್! ಇಬ್ರೂ ಅತ್ಬಿಟ್ವಿ.

ಬೇರೆ ಕಡೆ ಹರಡಿದೆಯಾ ನೋಡೋ ಪೆಟ್ ಸ್ಕ್ಯಾನ್, ಬೋನ್ ಸ್ಕ್ಯಾನ್ ಈಗ ಬೇಡ, ಗಡ್ಡೆ ಚಿಕ್ಕದು, ಮೂಳೆ ನೋವು ಏನೂ ಇಲ್ವಲ್ಲ ಅಂದ್ರು. ಮುಂದಿನ ವಾರ ಸರ್ಜರಿ, ಆಗ್ಲೇ ಬಣ್ಣದ ಇಂಜೆಕ್ಷನ್ ಕೊಟ್ಟು ಕಂಕುಳಲ್ಲಿರೋ ಸೆಂಟಿನೆಲ್ ನೋಡ್ (ಕ್ಯಾನ್ಸರ್ ಹರಡಿದ್ರೆ ಮೊದಲು ತಲುಪೋ ಗ್ರಂಥಿ) ಹುಡುಕಿ ತೆಗೆದು ಲ್ಯಾಬಿಗೆ ಕಳಿಸ್ತಾರಂತೆ, ಕೀಮೋ ಬೇಕಾ ಬೇಡ್ವಾ ಅನ್ನೋದು ಆ ರಿಪೋರ್ಟೆಲ್ಲಾ ಬಂದ್ಮೇಲೇ.

ಸೆಂಟಿನೆಲ್ ನೋಡ್ ತೆಗೆಸ್ಕೊಂಡವ್ರು ಯಾರಾದ್ರೂ ಇದ್ರೆ, ಆಮೇಲೆ ಕೈ ಎತ್ತೋಕೆ ಎಷ್ಟು ದಿನ ಕಷ್ಟ ಆಯ್ತು, ಯಾವ ಎಕ್ಸರ್ಸೈಜ್ ಹೇಳಿದ್ರು ಅಂತ ದಯವಿಟ್ಟು ತಿಳಿಸಿ.