ಬೊಂಡಾಸ್‌ಗೆ ನೀಲಿ ರಕ್ತ ಅಂತಾರೆ, ನನಗೆ ಕಾಣಲೇ ಇಲ್ಲವಲ್ಲ?

ಕಡಲತಡಿ:
ನಿನ್ನೆ ಮಾರ್ಕೆಟ್‌ನಿಂದ ಒಂದು ಕೆಜಿ ಬೊಂಡಾಸ್ (ಸ್ಕ್ವಿಡ್) ತಂದಿದ್ದೆ. ಆಕ್ಟೋಪಸ್, ಬೊಂಡಾಸ್, ಬಸವನಹುಳು ಇವುಗಳ ರಕ್ತ ನೀಲಿ ಎಂದು ಮಗಳು ಎಲ್ಲೋ ಕೇಳಿಕೊಂಡು ಬಂದಿದ್ದಾಳೆ, ಹಾಗಾಗಿ ನಾನು ಸ್ವಚ್ಛ ಮಾಡುವಾಗ ಸ್ಟೂಲ್ ಎಳೆದುಕೊಂಡು ಪಕ್ಕದಲ್ಲೇ ಕೂತಳು. ಮಸಿ ಚೀಲ ಒಡೆದು ಕೈಯೆಲ್ಲ ಕಪ್ಪಾಯಿತೇ ಹೊರತು ನೀಲಿ ಒಂದು ಹನಿಯೂ ಇಲ್ಲ. ಇನ್ನೊಂದು ವಿಷಯ. ಅಕ್ವೇರಿಯಂನಲ್ಲಿ ತಾನಾಗಿ ಸೇರಿಕೊಂಡ ಚಪ್ಪಟೆ ಸುರುಳಿಯ ಸಣ್ಣ ಬಸವನಹುಳುಗಳಿವೆ. ಹೋದ ವಾರ ಗಾಜು ಉಜ್ಜುವಾಗ ಒಂದು ಒಡೆದು ಹೋಯಿತು, ಬಂದದ್ದು ಕೆಂಪು ರಕ್ತ! ಮಗಳಿಗೆ ಏನು ಹೇಳಲಿ?

ತಾಮ್ರದ ಚೊಂಬು:
ಸಿಂಪಲ್. ನಮ್ಮ ರಕ್ತದಲ್ಲಿ ಹೀಮ್ ಎನ್ನುವ ಉಂಗುರದಂಥ ಅಣುವಿನ ನಡುವೆ ಕಬ್ಬಿಣ ಇರುತ್ತದೆ, ಬೊಂಡಾಸ್‌ನಲ್ಲಿ ಅದೇ ಹೀಮ್ ನಡುವೆ ತಾಮ್ರ. ಅದಕ್ಕೇ ಹೀಮೋಸಯನಿನ್ ಅನ್ನುವುದು. ಕೆಂಪು ಹುಳು ವಿಷಯ ಗೊತ್ತಿಲ್ಲ.

ಲ್ಯಾಬ್ ಮೂಲೆ:
ತಾಮ್ರ ಸರಿ, ಹೀಮ್ ತಪ್ಪು. ಹೆಸರು ನೋಡಿ ಸುಮಾರು ಜನ ಹಾಗೆ ಅಂದುಕೊಳ್ಳುತ್ತಾರೆ. ಗ್ರೀಕ್‌ನಲ್ಲಿ ಹೀಮೋ ಎಂದರೆ ರಕ್ತ, ಸಯನ್ ಎಂದರೆ ನೀಲಿ. 1878ರಲ್ಲಿ ಬೆಲ್ಜಿಯಂನ ಲಿಯೋನ್ ಫ್ರೆಡೆರಿಕ್ ಆಕ್ಟೋಪಸ್ ರಕ್ತ ನೋಡಿ ಇಟ್ಟ ಹೆಸರು ಅದು. ಒಳಗೆ ಉಂಗುರವೇ ಇಲ್ಲ. ಎರಡು ತಾಮ್ರದ ಪರಮಾಣು ಎದುರುಬದುರು ಇರುತ್ತವೆ, ಒಂದೊಂದನ್ನೂ ಪ್ರೊಟೀನಿನ ತುಣುಕುಗಳಾದ ಮೂರು ಹಿಸ್ಟಿಡಿನ್‌ಗಳು ಹಿಡಿದಿರುತ್ತವೆ, ಆಕ್ಸಿಜನ್ ಅಣು ಇವೆರಡರ ನಡುವೆ ಬಂದು ಕೂರುತ್ತದೆ. ಕೂತರೆ ನೀಲಿ. ಎದ್ದು ಹೋದರೆ ಬಣ್ಣವೇ ಇಲ್ಲ.

ನಿಮ್ಮ ಬೊಂಡಾಸ್ ಕಥೆಯೂ ಇದೇ. ಪ್ರಾಣಿ ಸತ್ತ ಮೇಲೂ ಜೀವಕೋಶಗಳು ಸ್ವಲ್ಪ ಹೊತ್ತು ಇದ್ದಬದ್ದ ಆಕ್ಸಿಜನ್ ಎಳೆದುಕೊಳ್ಳುತ್ತವೆ, ಹಾಗಾಗಿ ಉಳಿದ ರಕ್ತ ನೀರಿನಂತೆ ಕಾಣುತ್ತದೆ. ಐಸ್ ನೀರಲ್ಲಿ ಸೋರಿ ಹೋದದ್ದು ಬೇರೆ, ಮೇಲಿಂದ ಮಸಿ.

ಮಗಳಿಗೆ ಅಡುಗೆಮನೆಯಲ್ಲೇ ತೋರಿಸಬಹುದು. ಬದನೆಕಾಯಿ ಹೆಚ್ಚಿಟ್ಟರೆ ಕಪ್ಪಾಗುತ್ತದೆ ಅಲ್ವಾ? ಅದನ್ನು ಮಾಡುವ ಕಿಣ್ವದಲ್ಲೂ ಇಂಥದ್ದೇ ಜೋಡಿ ತಾಮ್ರ. ಅಲ್ಲಿ ಹಿಡಿದ ಆಕ್ಸಿಜನ್ ಬೇರೆ ವಸ್ತುವಿನ ಮೇಲೆ ಖರ್ಚಾಗುತ್ತದೆ, ಇಲ್ಲಿ ಹಿಡಿದದ್ದನ್ನು ಸುಮ್ನೆ ಸಾಗಿಸಿ ಬಿಟ್ಟುಕೊಡುತ್ತದೆ.

ನನಗೆ ಜಾಸ್ತಿ ಇಷ್ಟವಾಗುವುದು ಹೀಮೋಸಯನಿನ್ ಗಾತ್ರ. ಈ ಪ್ರೊಟೀನ್ ನಮ್ಮದರಂತೆ ರಕ್ತಕಣದೊಳಗೆ ಇರುವುದಿಲ್ಲ, ದ್ರವದಲ್ಲೇ ಕರಗಿರುತ್ತದೆ. ಸಣ್ಣ ಸಣ್ಣ ಅಣುಗಳಾಗಿ ಅಷ್ಟೊಂದು ಕರಗಿದ್ದರೆ ರಕ್ತ ಸುತ್ತಲಿನ ನೀರನ್ನೆಲ್ಲ ಎಳೆದುಕೊಳ್ಳುತ್ತಿತ್ತು, ಅದಕ್ಕೆ ಎಲ್ಲ ಸೇರಿ ಒಂದು ಟೊಳ್ಳು ಡಬ್ಬಿ. ಆಕ್ಟೋಪಸ್‌ನ ಡಬ್ಬಿಯಲ್ಲಿ 10 ಸರಪಳಿ, ಒಂದೊಂದರಲ್ಲಿ 7 ಜಾಗ, ಒಟ್ಟು 70 ಆಕ್ಸಿಜನ್. ಬಸವನಹುಳುವಿನಲ್ಲಿ ಸಾಮಾನ್ಯವಾಗಿ ಎರಡು ಡಬ್ಬಿ ಅಂಟಿಕೊಂಡು 160 ಜಾಗ, ತೂಕ ಸುಮಾರು 80 ಲಕ್ಷ ಡಾಲ್ಟನ್ (ಅಣುಗಳ ತೂಕದ ಅಳತೆ). ನಮ್ಮ ಹಿಮೋಗ್ಲೋಬಿನ್ 64 ಸಾವಿರ, ಜಾಗ 4.

ಕೆರೆದಂಡೆ:
ಕೆಂಪು ಹುಳು ನನ್ನ ಕಡೆ ಬಿಡಿ. ಅದು ರಾಮ್ಸ್‌ಹಾರ್ನ್, ಪ್ಲಾನಾರ್ಬಿಡ್ ಕುಟುಂಬದ್ದು. ನಮ್ಮ ಕೆರೆ, ಗದ್ದೆಗಳಲ್ಲೂ ಆ ಕುಟುಂಬದ ಇಂಡೋಪ್ಲಾನಾರ್ಬಿಸ್ ಇದೆ. ಇವುಗಳ ರಕ್ತದಲ್ಲಿ ಇರುವುದು ಹಿಮೋಗ್ಲೋಬಿನ್ನೇ, ಕಬ್ಬಿಣದ್ದೇ, ಆದರೆ ಕಣದೊಳಗಲ್ಲ, ದ್ರವದಲ್ಲಿ. ಇವುಗಳ ಪೂರ್ವಜರದ್ದು ನೀಲಿ ರಕ್ತ. ಬಸವನಹುಳುಗಳಿಗೆ ಪಾಚಿ ಕೆರೆಯುವ ನಾಲಿಗೆಯ ಸ್ನಾಯುವಿನಲ್ಲಿ ಆಕ್ಸಿಜನ್ ಹಿಡಿದಿಡುವ ಕೆಂಪು ಪ್ರೊಟೀನ್ ಮಯೋಗ್ಲೋಬಿನ್ ಇರುತ್ತದೆ, ಅದೇ ಮಾರ್ಪಾಡಾಗಿ ಇವುಗಳಲ್ಲಿ ರಕ್ತಕ್ಕೆ ಇಳಿಯಿತು. ಅದೇ ಕೊಳದ ಲಿಮ್ನಿಯಾ ಹುಳುವಿಗೆ ಈಗಲೂ ನೀಲಿಯೇ.

ಕೆರೆಯಿಂದ ತಂದ ಗಿಡದ ಜೊತೆ ಬಂದ ಹುಳುವಾದರೆ ಬರಿಗೈ ಹಾಕಬೇಡಿ ಮಾರಾಯ್ರೆ. ದನಗಳಿಗೆ ಮೂಗಿನಲ್ಲಿ ಗಂಟಾಗಿ ಗೊರಗೊರ ಎನ್ನುವ ರೋಗದ ಪರೋಪಜೀವಿ ಇಂಡೋಪ್ಲಾನಾರ್ಬಿಸ್‌ನಲ್ಲೇ ಬೆಳೆಯುವುದು, ನೀರಿಗೆ ಬಂದರೆ ಅದು ನಮ್ಮ ಚರ್ಮವನ್ನೂ ಹೊಗಬಹುದು.

ತಾಮ್ರದ ಚೊಂಬು:
ಹೀಮ್ ವಿಷಯ ಒಪ್ಪಿದೆ. ಆದರೆ 70 ಜಾಗ, 160 ಜಾಗ ಅಂದರೆ ಅವುಗಳ ರಕ್ತ ನಮ್ಮದಕ್ಕಿಂತ ಚೆನ್ನಾಗಿ ಆಕ್ಸಿಜನ್ ಹೊರುತ್ತದೆ ಅಂತಾಯಿತಲ್ಲ?

ಲ್ಯಾಬ್ ಮೂಲೆ:
ಇಲ್ಲ, ಉಲ್ಟಾ. ನಮ್ಮ 100 ಮಿಲಿ ರಕ್ತ ಸುಮಾರು 20 ಮಿಲಿ ಆಕ್ಸಿಜನ್ ಹೊತ್ತರೆ ಬೊಂಡಾಸ್‌ನದು 4ರ ಆಸುಪಾಸು. ಪ್ರೊಟೀನ್ ಇನ್ನೂ ಹೆಚ್ಚಿಸೋಣ ಎಂದರೆ ರಕ್ತ ಗಂಜಿಯಂತೆ ಮಂದವಾಗುತ್ತದೆ, ತಳ್ಳುವುದೇ ಕಷ್ಟ. ಅದಕ್ಕೇ ಮೂರು ಹೃದಯ: ಎರಡು ಕಿವಿರುಗಳಿಗೆ, ಒಂದು ಉಳಿದ ಮೈಗೆ.

ಕಡಲತಡಿ:
ಎಲ್ಲ ಓದಿ ಹೇಳಿದೆ. ಬದನೆಕಾಯಿಗೂ ರಕ್ತ ಇದೆಯಾ ಎಂದು ಶುರು ಮಾಡಿದ್ದಾಳೆ.